ಮಂದು ಯಾರು ಕೊಟ್ಟರು?

ಮೇ 12, ಸೋಮವಾರ. ಬೆಳಿಗ್ಗೆ

ಮತ್ತೆ ತಲೆನೋವು. ಎರಡು ಲೋಟ ಮಜ್ಜಿಗೆ ಕುಡಿದೆ. ರೇಷ್ಮೆ ಹುಳುವಿಗೆ ಸೊಪ್ಪು ಹಾಕಿದೆ. ಅಜ್ಜಿಗೆ, ಅಂದರೆ ನಮ್ಮ ಅವ್ವನಿಗೆ, ವಾಸನೆ ಬಾರದಿರಲಿ ಎಂದು ಬಚ್ಚಲಲ್ಲಿ ಎರಡನೇ ಸಲ ಹಲ್ಲುಜ್ಜಿದೆ. ಇನ್ನು ಶ್ರೀನಿವಾಸಪುರದ ಮಾವಿನ ಮಂಡಿಗೆ ಹೊರಡಬೇಕು. ರಜೆ ಮುಗಿಯುವವರೆಗೂ ಅದೇ ಕೆಲಸ, ಜೂನ್‌ನಿಂದ ಸೆಕೆಂಡ್ ಪಿಯುಸಿ. ಅದೆಲ್ಲ ಇರಲಿ. ಇನ್ನೊಬ್ಬ ಸಿಕ್ಕಿದ!

ಸಿಕ್ಕಿದ ಎನ್ನುವುದು ಜಾಸ್ತಿಯಾಯಿತು. ಅನುಮಾನ ಅಷ್ಟೇ. ಆದರೆ ಎಂಥ ಅನುಮಾನ! ಬೆಳಿಗ್ಗೆಯಿಂದ ನನ್ನಷ್ಟಕ್ಕೆ ನಗುತ್ತಿದ್ದೇನೆ.

ನಿನ್ನೆ ಕ್ರಿಕೆಟ್ ಮುಗಿಸಿ ಎಂದಿನಂತೆ ಶ್ರೀಧರನ ತೋಪಿನ ಕಾವಲು ಗುಡಿಸಲಲ್ಲಿ ಕೂತೆವು. ಶ್ರೀಧರ, ವೇಣುಗೋಪಾಲ, ನಾನು. ಜೊತೆಗೆ ಹೊಸಬ ಕದಿರೇಶ. ಗಡಿ ಊರು ನಂಗಲಿಯವನು, ನನ್ನದೇ ವಯಸ್ಸು. ರಜೆಗೆ ಅತ್ತೆ ಮನೆಗೆ ಬಂದು ನಮ್ಮ ಮಂಡಿಯಲ್ಲೇ ಕೆಲಸಕ್ಕೆ ಸೇರಿದ್ದಾನೆ. ಶ್ರೀಧರನ ಅಣ್ಣ ತಂದಿಟ್ಟ ಬ್ರಾಂದಿ ಪ್ಯಾಕೆಟ್ಟುಗಳು, ಸೋಡಾ, ಉಪ್ಪು ಖಾರ ಹಚ್ಚಿದ ಮಾವಿನಕಾಯಿ. ಆಮೇಲೆ ಅದೇ ಹಾಳು ಆಟ — ‘ಹೆಸರು ಹೇಳು, ಇಲ್ಲ ಎತ್ತು’. ಸರದಿ ಬಂದವನು ತನ್ನ ಹುಡುಗಿಯ ಹೆಸರು ಹೇಳಬೇಕು. ಹೇಳದಿದ್ದರೆ ಗ್ಲಾಸು ಎತ್ತಬೇಕು.

ಶ್ರೀಧರನಿಗೆ ಹೆಸರುಗಳಿಗೇನೂ ಬರವಿಲ್ಲ. ಕೋಲಾರದ ಬಸ್ಸಲ್ಲಿ ಕಂಡವಳು, ಮದುವೆ ಮನೆಯಲ್ಲಿ ಕಂಡವಳು, ಫೋನಲ್ಲಿ ಕಂಡವಳು. ವೇಣು ಒಂದೇ ಹೆಸರನ್ನು ಪ್ರತಿ ವಾರ ಹೊಸದೆಂಬಂತೆ ನಾಚಿಕೊಂಡು ಹೇಳುತ್ತಾನೆ. ಇಬ್ಬರೂ ಕುಡಿಯುವುದು ತುಟಿ ಒದ್ದೆಯಾಗುವಷ್ಟು. ಊರಲ್ಲಿ ಕುಡಿಯುವ ಹುಡುಗರು ಎಂಬ ಹೆಸರು ಅವರಿಗೆ, ಹೊಟ್ಟೆಗೆ ಇಳಿಯುವುದು ನನಗೆ. ಅವರು ಕುಡಿಯುವುದು ಮಾತು ಶುರುವಾಗಲಿ ಎಂದು. ನಾನು ಕುಡಿಯುವುದು ಮಾತು ಅಲ್ಲಿಗೇ ನಿಲ್ಲಲಿ ಎಂದು. ಎತ್ತಿದವನನ್ನು ಯಾರೂ ಮುಂದೆ ಕೇಳುವುದಿಲ್ಲ, ಅದೊಂದು ಉಪಕಾರ.

ನಿನ್ನೆ ಕದಿರೇಶನ ಸರದಿ ಬಂತು. "ಹೇಳಪ್ಪಾ ನಂಗಲಿ ಹೀರೋ, ಯಾರು ನಿನ್ ಹುಡುಗಿ?" ಎಂದ ಶ್ರೀಧರ. ಕದಿರೇಶ ನಕ್ಕು ಗ್ಲಾಸು ಎತ್ತಿದ. ಮುಂದಿನ ಸುತ್ತಲ್ಲೂ ಎತ್ತಿದ. ಅದರ ಮುಂದಿನ ಸುತ್ತಲ್ಲೂ! ಕಣ್ಣು ಮುಚ್ಚಿ, ಕಷಾಯ ಕುಡಿಯುವವನ ಹಾಗೆ. ನನ್ನ ಹಾಗೆ. ಇಷ್ಟು ದಿನ ಈ ಆಟದಲ್ಲಿ ನಾನೊಬ್ಬನೇ ಸೋಲುತ್ತಿದ್ದೆ.

ಅಮ್ಮ ಕೂಗುತ್ತಿದ್ದಾಳೆ. ಬಸ್ಸು.

ಮೇ 14, ಬುಧವಾರ

ಮಂಡಿಯಲ್ಲಿ ಇವತ್ತು ಬಾದಾಮಿ ಮಾವು ಬಂದದ್ದೇ ಬಂದದ್ದು. ನಾನು ಮತ್ತು ಕದಿರೇಶ ಒಂದೇ ರಾಶಿಗೆ ಕೂತೆವು. ಚುಕ್ಕೆ ಬಿದ್ದದ್ದು ಒಂದು ಕಡೆ, ಪೆಟ್ಟು ಬಿದ್ದದ್ದು ಇನ್ನೊಂದು ಕಡೆ, ಚೆನ್ನಾಗಿರುವುದು ಕ್ರೇಟಿಗೆ. ಅವನು ಪ್ರತಿ ಹಣ್ಣನ್ನೂ ಮೂಸಿ ನೋಡುತ್ತಾನೆ. ಅಗತ್ಯವೇ ಇಲ್ಲ.

"ಏಮ್ರಾ ಅಮ್ರಾ, ನನ್ ಮುಖದಲ್ಲೇನ್ ಬರ್ದೈತೆ? ಹಣ್ಣು ನೋಡು" ಎಂದ.

ಸಿಕ್ಕಿಬಿದ್ದೆ! ಪೆಟ್ಟು ಬಿದ್ದ ಹಣ್ಣುಗಳನ್ನೆಲ್ಲ ಒಳ್ಳೆ ಕ್ರೇಟಿಗೆ ತುಂಬಿಸಿದ್ದೆ. ಮಂಡಿ ಯಜಮಾನರು ಬೈದರು. ಬೈಗುಳ ಕಿವಿಗೆ ಬೀಳಲೇ ಇಲ್ಲ. ಅಮರನಾಥ್ ಎಂಬ ಹೆಸರನ್ನು ಎಲ್ಲರೂ ಅಮರಾ, ಅಮ್ರಾ ಎನ್ನುತ್ತಾರೆ. ಅವನು ಅಂದರೆ ಬೇರೆಯದೇ ಹೆಸರಿನ ಹಾಗೆ ಕೇಳುತ್ತದೆ.

ಮೇ 15, ಗುರುವಾರ

ಒಂದು ವಿಷಯ ಬರೆದಿಡಬೇಕು. ಇವತ್ತು ಸಂಜೆ ಗುಟುಕು ಬೇಕು ಅನ್ನಿಸಿತು. ಭಾನುವಾರವಲ್ಲ, ಆಟವಿಲ್ಲ, ಯಾರೂ ಏನೂ ಕೇಳಿಲ್ಲ. ಆದರೂ ಅನ್ನಿಸಿತು. ಹೆದರಿಕೆಯಾಯಿತು. ಡಬ್ಬದಿಂದ ಬೆಲ್ಲ ತೆಗೆದು ತಿಂದೆ. ಹೋಗಲಿಲ್ಲ.

ಮೇ 18, ಭಾನುವಾರ. ಸಂಜೆ

ಥೂ ನನ್ನ ಬಾಯಿಗೆ.

ಇವತ್ತು ಹೊಟ್ಟೆ ಬೆಳಿಗ್ಗೆಯಿಂದಲೇ ಸರಿಯಿರಲಿಲ್ಲ. ಎರಡು ಸುತ್ತು ಎತ್ತಿದೆ. ಮೂರನೆಯದಕ್ಕೆ ಗ್ಲಾಸು ಮುಟ್ಟಿದರೇ ಹೊಟ್ಟೆ ತೊಳಸಿತು. ವೇಣು ಬಿಡಲಿಲ್ಲ — "ಏನ್ಲಾ ಅಮ್ರಾ, ಯಾವಾಗ್ಲೂ ಎತ್ತೋದೇ! ನಿಂಗ್ ಹುಡುಗೀನೇ ಇಲ್ವಾ? ಏನ್ ನೀನು, ಅದಾ?" ಎಂದ. ಎಲ್ಲರೂ ನಕ್ಕರು. ಕದಿರೇಶ ನಗಲಿಲ್ಲ. ನನ್ನ ಬಾಯಿಂದ ಬಂದೇಬಿಟ್ಟಿತು: "ಧನಶ್ರೀ."

ಏನು ಶಿಳ್ಳೆ, ಏನು ಕುಣಿತ! ಧನಶ್ರೀ ನನ್ನ ಕ್ಲಾಸು. ಒಂದೇ ಟ್ಯೂಷನ್, ಒಂದೇ ಬಸ್ಸು. ಯುಗಾದಿಗೆ ಒಬ್ಬಟ್ಟು ತಂದುಕೊಟ್ಟಿದ್ದಳು. ಒಳ್ಳೆ ಫ್ರೆಂಡ್ ಎಂಬುದು ಬಿಟ್ಟು ಏನೂ ಇಲ್ಲ. ಅವಳ ಹೆಸರನ್ನು ಅಲ್ಲಿ ಎಸೆದು ನಾನು ತಪ್ಪಿಸಿಕೊಂಡೆ.

ಕದಿರೇಶ ತಲೆ ಬಗ್ಗಿಸಿ ಕೂತ. ಅವನ ಸರದಿ ಬಂದಾಗ ಗ್ಲಾಸು ಪೂರ್ತಿ ಖಾಲಿ ಮಾಡಿದ, ನನ್ನ ಕಡೆ ನೋಡದೆ. ಅದನ್ನು ಕಂಡು ನಾನೂ ಕುಡಿದೆ, ಯಾರೂ ಹೇಳದಿದ್ದರೂ. ಮನೆಗೆ ಬಂದವನೇ ಕೊಟ್ಟಿಗೆಯ ಹಿಂದೆ ಎಲ್ಲಾ ವಾಂತಿ. ತಲೆ ಎತ್ತಿದರೆ ಮುಂದೆ ಅವ್ವ, ಕೈಯಲ್ಲಿ ಹಾಲಿನ ಚೊಂಬು.

ಮೇ 19, ಸೋಮವಾರ

ಅವ್ವನಿಗೆ ಗೊತ್ತಾಗಿಬಿಟ್ಟಿದೆ. ಆದರೆ ನಮ್ಮ ಅವ್ವ ಏನು ಅಡ್ವಾನ್ಸ್!

ಮಧ್ಯಾಹ್ನ ಪಡಸಾಲೆಯಲ್ಲಿ ಎದುರು ಕೂರಿಸಿಕೊಂಡಳು. ನಮ್ಮಜ್ಜಿ ಅಕ್ಕಯಮ್ಮನಿಗೆ ಸಿಟ್ಟು ಬಂದರೆ ತೆಲುಗು, ಪ್ರೀತಿ ಬಂದರೆ ಕನ್ನಡ, ಎರಡೂ ಒಟ್ಟಿಗೆ ಬಂದರೆ ಎರಡೂ.

"ನಿಜ ಚೆಪ್ಪು ಮಗಾ. ಮಂದು ಎವರು ಇಚ್ಚಿನಾರ್ರಾ?"

ಮಂದು, ಅಂದರೆ ಎಣ್ಣೆ, ಯಾರು ಕೊಟ್ಟರು ಎಂದರೆ ಇನ್ನೇನು ಹೇಳಲಿ. ವಾಸನೆ ಹಿಡಿದಿದ್ದಾಳೆ. ಸುಳ್ಳು ಹೇಳಿ ಪ್ರಯೋಜನವಿಲ್ಲ.

"ಯಾರೂ ಬಲವಂತ ಮಾಡಿಲ್ಲ ಅವ್ವ. ನಾನೇ ಕುಡ್ದೆ."

"ನೀನೇ! ಗೊತ್ತಿದ್ದೂ ಗೊತ್ತಿದ್ದೂ ಕುಡುದ್ಯಾ!"

"ಎಲ್ರೂ ಕುಡೀತಾರೆ ಅವ್ವ. ಶ್ರೀಧರ, ವೇಣು…"

"ಅಯ್ಯೋ ದೇವುಡಾ, ಊರ್ ಮಕ್ಕಳಿಗೆಲ್ಲಾ ಇಕ್ಕವ್ರೆ! ಯಾವತ್ತಿಂದ?"

"ಯುಗಾದಿ ಆದ್ಮೇಲಿಂದ. ಭಾನುವಾರ ಮಾತ್ರ."

ಯುಗಾದಿ ಎಂದಕೂಡಲೇ ಎದೆ ಹಿಡಿದುಕೊಂಡಳು. ಯಾಕೋ ಗೊತ್ತಾಗಲಿಲ್ಲ. ಬೈಗುಳಕ್ಕೆ ಕಾದು ಕೂತೆ. ಬೈಯಲಿಲ್ಲ! ನನ್ನ ತಲೆ ಸವರಿ, "ನಿಂದೇನೂ ತಪ್ಪಿಲ್ಲ ಕಂದಾ. ನಿಮ್ಮಮ್ಮಂಗೆ ನಾನ್ ಹೇಳ್ತೀನಿ. ತೆಗೆಸಿಬಿಡಣ, ವಾಸಿಯಾಗ್ತೈತೆ" ಎಂದಳು.

ಕುಡಿತ ಕಾಯಿಲೆ, ಬೈಯಬಾರದು, ಚಿಕಿತ್ಸೆ ಕೊಡಿಸಬೇಕು ಎಂದು ಟಿವಿಯಲ್ಲಿ ಡಾಕ್ಟರುಗಳು ಹೇಳುವುದನ್ನು ಎಪ್ಪತ್ತು ದಾಟಿದ ಮುದುಕಿ ಎಷ್ಟು ಸಲೀಸಾಗಿ ಹೇಳಿದಳು! ಅಳು ಬಂತು. ಅವಳಿಗೇ ಎಲ್ಲಾ ಹೇಳಿಬಿಡೋಣ ಅನ್ನಿಸಿತು. ಅಷ್ಟರಲ್ಲಿ ಎದ್ದು ಒಣಮೆಣಸಿನಕಾಯಿ ತಂದು ದೃಷ್ಟಿ ತೆಗೆದಳು. ಇರಲಿ, ಅದೂ ಸೇರಲಿ.

ಮೇ 22, ಗುರುವಾರ

ಟ್ಯೂಷನ್ ಮುಗಿಸಿ ಬಸ್‌ಸ್ಟ್ಯಾಂಡಿಗೆ ಬಂದೆ. ಧನಶ್ರೀ ಕಾಯುತ್ತಿದ್ದಳು. ಮುಖ ನೋಡಿದರೇ ಗೊತ್ತಾಯಿತು.

"ನನ್ ಹೆಸ್ರು ಯಾಕೋ ಹೇಳ್ದೆ?"

"ಸಾರಿ ಕಣೇ. ಆಟದಲ್ಲಿ…"

"ಏನ್ ಆಟ? ಕುಡಿಯೋಕಾಗ್ಲಿಲ್ಲ ಅಂತ ನನ್ ಹೆಸ್ರು ನಂಚ್ಕೊಂಡ್ಯಾ? ನಾನೇನ್ ಉಪ್ಪಿನಕಾಯಾ?"

 ವೇಣುವಿನ ತಂಗಿ ಊರೆಲ್ಲ ಹೇಳಿದ್ದಾಳಂತೆ. ಧನಶ್ರೀಯ ಅಪ್ಪ ವೆಂಕಟರಾಯಪ್ಪ ಮೊದಲೇ ಹೆಣ್ಣುಮಗಳು ಓದಿದ್ದು ಸಾಕು ಎನ್ನುವ ಮನುಷ್ಯ. "ನಮ್ಮಪ್ಪನ ಕಿವಿಗ್ ಬಿದ್ರೆ ಕಾಲೇಜು ಮುಗೀತು ನಂದು, ಗೊತ್ತಾ ನಿಂಗೆ?" ಎಂದಳು. ಅವಳ ಕಣ್ಣಲ್ಲಿ ನೀರು ಕಂಡದ್ದು ಇದೇ ಮೊದಲು. ಲ್ಯಾಬಲ್ಲಿ ಕೈಗೆ ಆಸಿಡ್ ಬಿದ್ದಾಗಲೂ ಅತ್ತವಳಲ್ಲ.

"ಎಲ್ರೂ ಹೇಳ್ತಾರೆ ಧನು. ನಂಗೆ ಹೇಳೋಕೆ ಹುಡ್ಗಿ ಹೆಸ್ರು ಇಲ್ಲ. ಅದಕ್ಕೆ ಕುಡೀತೀನಿ. ಅವತ್ತು ಕುಡಿಯೋಕಾಗ್ಲಿಲ್ಲ."

ಕಣ್ಣು ಒರೆಸಿಕೊಂಡಳು. ಆಮೇಲೆ ನಿಧಾನವಾಗಿ ಕೇಳಿದಳು: "ಹುಡ್ಗಿ ಹೆಸ್ರು ಇಲ್ವಾ, ಹೆಸ್ರೇ ಇಲ್ವಾ?"

ಬಸ್ಸು ಬಂತು! ಬದುಕಿದೆ ಎಂದು ಹತ್ತಿದೆ. ಅವಳೂ ಅದೇ ಬಸ್ಸು ಎಂಬುದು ಹತ್ತಿದ ಮೇಲೆ ನೆನಪಾಯಿತು. ಇಡೀ ದಾರಿ ಪಕ್ಕದಲ್ಲೇ ಕೂತಳು. ಮತ್ತೆ ಕೇಳಲಿಲ್ಲ. ಇಳಿಯುವಾಗ ಮಾತ್ರ "ನನ್ ಹೆಸ್ರು ವಾಪಸ್ ಕೊಡ್ಬೇಕು ನೀನು" ಎಂದಳು.

ಕೊಡಬೇಕು. ಹೇಗೆ ಎಂದು ಗೊತ್ತಿಲ್ಲ.

ಮೇ 25, ಭಾನುವಾರ. ಸಂಜೆ ಆರೂವರೆ

ಅಕ್ಷರ ಸೊಟ್ಟ ಬರುತ್ತಿದೆ. ಕುಡಿದಿಲ್ಲ!! ಒಂದು ತೊಟ್ಟೂ ಇಲ್ಲ. ಆದರೂ ಸೊಟ್ಟ.

ಭಾನುವಾರವಾದರೂ ಮಂಡಿಯಲ್ಲಿ ಲೋಡಿತ್ತು. ಮುಗಿಯುವ ಹೊತ್ತಿಗೆ ತೋಪಿಗೆ ಬನ್ನಿ ಎಂದು ಶ್ರೀಧರನ ಫೋನು. ಕದಿರೇಶ "ಇಬ್ರಿಗೂ ಕೆಲ್ಸ ಐತೆ" ಎಂದು ಕಟ್ ಮಾಡಿದ. ಇಬ್ಬರಿಗೂ! ಲೋಡಾದ ಲಾರಿಯ ಮೇಲೆ, ತೋತಾಪುರಿ ರಾಶಿಯ ಮೇಲೆ ಹತ್ತಿ ಕೂತೆವು. ಡ್ರೈವರ್ ಊಟಕ್ಕೆ ಹೋಗಿದ್ದ.

"ಅಲ್ವೋ, ಧನಶ್ರೀನ ನಿಜವಾಗ್ಲೂ…?" ಎಂದ.

"ಇಲ್ಲ."

"ಮತ್ಯಾಕ್ ಹೇಳ್ದೆ?"

"ಹೊಟ್ಟೆ ತೊಳಸ್ತಿತ್ತು."

ಅವನು ಎಷ್ಟು ನಕ್ಕ ಎಂದರೆ ಎರಡು ಕಾಯಿ ಉರುಳಿ ಕೆಳಗೆ ಬಿದ್ದವು. ಆಮೇಲೆ ನಗು ನಿಂತಿತು. ಕುಡಿಯುವುದನ್ನು ನಂಗಲಿಯಲ್ಲಿ ಲಾರಿಯವರ ಜೊತೆ ಕೂತು ಕಲಿತದ್ದಂತೆ. ಎಸ್ಸೆಸ್ಸೆಲ್ಸಿಯಲ್ಲೇ. "ಕುಡ್ದು ಮಲಗಿರೋನ್ನ ಯಾರೂ ಏನೂ ಕೇಳಲ್ಲ ಕಣೋ. ನೀನ್ಯಾಕೆ ಹಂಗೆ, ನೀನ್ಯಾಕೆ ಹಿಂಗೆ ಅಂತ ಕೇಳಲ್ಲ. ಕುಡುಕ ಅಂತಾರೆ ಅಷ್ಟೇ. ಅದು ಪರ್ವಾಗಿಲ್ಲ" ಎಂದ.  ಹತ್ತಾರು ಸಲ ನಾನು ನನಗೇ ಹೇಳಿಕೊಂಡ ಮಾತು ಇನ್ನೊಬ್ಬನ ಬಾಯಲ್ಲಿ!

"ನಿಂಗೂ ಹೇಳೋಕೆ ಹೆಸ್ರು ಇಲ್ವಾ?" ಎಂದೆ.

"ಐತೆ. ಅಲ್ಲಿ ಕೂತಿರೋರಲ್ಲೇ ಒಬ್ಬಂದು. ಅದಕ್ಕೇ ಎತ್ತೋದು."

 ಅಲ್ಲಿ ಕೂತಿರುವವರು ಎಂದರೆ… ನನ್ನ ತಲೆ ಓಡಲೇ ಇಲ್ಲ.

"ಶ್ರೀಧರನಾ?"

"ಥೂ! ಅವನ್ಯಾಕೋ!"

"ವೇಣೂನಾ?"

"ಲೇ ಅಮ್ರಾ, ಪಿಯುಸಿ ಮ್ಯಾಥ್ಸ್ ತಗೊಂಡಿದೀನಿ ಅಂತೀಯ. ಮೂವರಲ್ಲಿ ಇಬ್ರು ಹೋದ್ರೆ ಎಷ್ಟೋ?"

ಅಷ್ಟೇ. ಅಷ್ಟೇ ನಡೆದದ್ದು. ಡ್ರೈವರ್ ಬಂದು ಕೂಗಿದ, ಇಳಿದೆವು. ಇಳಿಯುವಾಗ ಕೈ ಕೊಟ್ಟ, ನೆಲ ಸಿಕ್ಕ ಮೇಲೂ ಸ್ವಲ್ಪ ಹೊತ್ತು ಬಿಡಲಿಲ್ಲ. ಮನೆಯವರೆಗೂ ನಡೆದೇ ಬಂದೆ. ಬಸ್ಸಲ್ಲಿ ಸುಮ್ಮನೆ ಕೂರಲು ಆಗುತ್ತಿರಲಿಲ್ಲ. ದಾರಿಯಲ್ಲಿ ಸಿಕ್ಕ ನಾಯಿಗೂ ಹೇಳೋಣ ಅನ್ನಿಸಿತು. ನನಗೆ ಖುಷಿಯಾಗಿದೆ. ಇಷ್ಟು ಖುಷಿ ಯಾವ ಪ್ಯಾಕೆಟ್ಟಿನಲ್ಲೂ ಸಿಕ್ಕಿರಲಿಲ್ಲ.

ಮೇ 26, ಸೋಮವಾರ

ಅಯ್ಯೋ ಅಯ್ಯೋ ಅಯ್ಯೋ.

ಸಂಜೆ ಮನೆಗೆ ಬಂದರೆ ಅಮ್ಮ ಚೀಲ ಜೋಡಿಸುತ್ತಿದ್ದಳು. ನಿಂಬೆಹಣ್ಣು, ವೀಳ್ಯದೆಲೆ, ಒಂದು ಬಿಳಿ ಕೋಳಿಮೊಟ್ಟೆ.

"ನಾಳೆ ಮಂಡಿಗೆ ಹೋಗ್ಬೇಡ. ಅಮಾಸೆ ಮಂಗಳವಾರ. ನಂಗಲಿ ಆಚೆ ಶಾಮಲಮ್ಮ ಅಂತ ಅವ್ರೆ, ಮಂದು ತೆಗೀತಾರೆ. ಮೊದಲ್ನೇ ಬಸ್ಸಿಗೇ ಹೋಗಣ" ಎಂದಳು.

"ಮಂದು ತೆಗೆಯೋದು ಅಂದ್ರೆ?"

"ಆ ಹುಡ್ಗಿ ಒಬ್ಬಟ್ಟಲ್ಲಿ ಇಕ್ಕಿದ್ದು! ಯುಗಾದೀಲಿ!"

ಆಗ ಗೊತ್ತಾಯಿತು. ನಿಂತಲ್ಲೇ ಕೂತೆ. ನಮ್ಮ ಮನೆಯಲ್ಲಿ ಜ್ವರದ ಮಾತ್ರೆಯೂ ಮಂದು, ಟೊಮೊಟೊಗೆ ಹೊಡೆಯುವುದೂ ಮಂದು, ಪ್ಯಾಕೆಟ್ಟಿನಲ್ಲಿರುವುದೂ ಮಂದು. ಗಂಡು ಮಕ್ಕಳನ್ನು ವಶ ಮಾಡಿಕೊಳ್ಳಲು ಊಟದಲ್ಲಿ ಕದ್ದು ಬೆರೆಸುತ್ತಾರಲ್ಲ, ಕನ್ನಡದವರು ಮದ್ದು ಹಾಕುವುದು ಎನ್ನುತ್ತಾರಲ್ಲ, ಅದೂ ಮಂದು! ಅವ್ವ ಕೇಳಿದ್ದು ಆ ಮಂದು. ನಾನು ಒಪ್ಪಿಕೊಂಡದ್ದು ಈ ಮಂದು. ನಾನೇ ಕುಡಿದೆ ಅವ್ವ, ಎಲ್ಲರೂ ಕುಡಿಯುತ್ತಾರೆ ಅವ್ವ, ಭಾನುವಾರ ಮಾತ್ರ ಅವ್ವ… ಹೊಟ್ಟೆ ಹಿಡಿದುಕೊಂಡು ನಕ್ಕೆ. "ನೋಡು ನೋಡು, ನಗಿಸ್ತೈತೆ ಅದು" ಎಂದು ಅವ್ವ ಒಳಗಿಂದ ಗಾಬರಿಯಾದಳು. ಇನ್ನೂ ನಗು ಬಂತು.

ಅಮ್ಮನ ಮುಂದಿನ ಮಾತಿಗೆ ನಗು ಇಂಗಿತು. "ವೇಣು ಅವರಮ್ಮ ಎಲ್ಲಾ ಹೇಳಿದ್ರು, ನೀನೇ ಅವಳ ಹೆಸರು ಹೇಳಿದ್ಯಂತೆ. ನಾಳೆ ಬರ್ತಾ ಶ್ರೀನಿವಾಸಪುರದಲ್ಲಿ ಇಳೀತೀನಿ. ಆ ವೆಂಕಟರಾಯಪ್ಪನ ಮನೆ ಬಾಗಿಲಲ್ಲಿ ನಿಂತು ಕೇಳ್ತೀನಿ, ಮಗಳನ್ನ ಹಿಂಗಾ ಬೆಳೆಸೋದು ಅಂತ."

ಧನಶ್ರೀಯ ಕಾಲೇಜು ಮುಗಿಯಿತು ಅಂದಂತೆ. ಮಂದು ಹಾಕುವ ಮನೆ ಎಂಬ ಮಾತು ಒಂದು ಸಲ ಹುಟ್ಟಿದರೆ ಆ ಮನೆಯ ನೀರನ್ನೂ ಯಾರೂ ಮುಟ್ಟುವುದಿಲ್ಲ.

"ಅಮ್ಮ, ಅವಳೇನೂ ಮಾಡಿಲ್ಲ."

"ಮಂದು ಬಿದ್ದೋರೆಲ್ಲ ಹಂಗೇ ಅನ್ನೋದು."

ಏನು ಹೇಳಿದರೂ ಮಂದಿನ ಲೆಕ್ಕಕ್ಕೇ ಹೋಗುತ್ತದೆ. ಅಮ್ಮ ಆ ಬಾಗಿಲಿಗೆ ಹೋಗುವ ಮೊದಲು ಹೇಳಲೇಬೇಕು. ಏನನ್ನು? ಪ್ಯಾಕೆಟ್ಟಿನ ವಿಷಯ ಹೇಳಿದರೆ, ಆ ಹುಡುಗಿಯ ಕೊರಗಿನಲ್ಲೇ ಕುಡಿಯುತ್ತಿದ್ದಾನೆ ಎನ್ನುತ್ತಾಳೆ. ಪೂರ್ತಿ ಹೇಳಬೇಕು. ಗಂಟಲು ಒಣಗಿದೆ. ಒಂದು ಗುಟುಕು ಇದ್ದಿದ್ದರೆ ಎಂದು ಮೊದಲು ಹೊಳೆದದ್ದು ಅದೇ. ನಾಚಿಕೆಯಾಯಿತು.

ಮೇ 27, ಮಂಗಳವಾರ. ಸಂಜೆ

ಹೇಳಿದೆ. ಹೇಳಿದೆ. ಹೇಳಿದೆ!

ಸುಸ್ತಾಗಿದೆ, ಆದರೂ ಈಗಲೇ ಬರೆಯಬೇಕು.

ಶಾಮಲಮ್ಮನ ಮನೆ ಹೈವೇಯಿಂದ ಒಳಗೆ. ಜಗಲಿಯ ತುಂಬ ಜನ. ಒಬ್ಬ ಗಂಡಸು ಸೈಟಿನ ಜಗಳದಲ್ಲಿ ದಾಯಾದಿಗಳು ಮಂದು ಇಟ್ಟಿದ್ದಾರೆ ಎಂದು ಬಂದಿದ್ದ. ನಮ್ಮ ಸರದಿ ಬಂತು. ಆಯಮ್ಮನ ಎರಡು ಪಕ್ಕದಲ್ಲೂ ಸೊಪ್ಪಿನ ಎರಡು ಕಟ್ಟು. ನನ್ನ ರೆಪ್ಪೆ ಎಳೆದು ನೋಡಿದರು, ನಾಲಗೆ ನೋಡಿದರು. ತರಕಾರಿ ಕೇಳುವವರ ದನಿಯಲ್ಲಿ ಕೇಳಿದರು:

"ಪೆಟ್ಟಿಂದಿ ಆಡದಾ, ಮಗೋಡಾ?"

ಮಂದು ಇಟ್ಟದ್ದು ಹೆಣ್ಣಾ, ಗಂಡಾ ಎಂದು. ಹೆಣ್ಣು ಇಟ್ಟಿದ್ದರೆ ಬಲಗಡೆಯ ಸೊಪ್ಪು, ಗಂಡು ಇಟ್ಟಿದ್ದರೆ ಎಡಗಡೆಯದು. ಅಷ್ಟಕ್ಕೇ ಆ ಪ್ರಶ್ನೆ.

"ಆಡದೇ. ಶ್ರೀನಿವಾಸಪುರದ ಹುಡ್ಗಿ" ಎಂದಳು ಅಮ್ಮ.

"ನಿನ್ನ ಕೇಳ್ಲಿಲ್ಲ ತಲ್ಲೀ. ಕುಡಿದೋನು ಅವನು. ವಾಡೇ ಚೆಪ್ಪಾಲ."

ಅವನೇ ಹೇಳಬೇಕಂತೆ. ಇಷ್ಟು ವರ್ಷ ನನ್ನನ್ನು ಯಾರೂ ಹೀಗೆ ಕೇಳಿರಲಿಲ್ಲ. ಯಾವ ಹುಡುಗಿ ಎಂದು ಕೇಳಿದವರೇ ಎಲ್ಲರೂ. ಹೆಣ್ಣಾ, ಗಂಡಾ ಎಂದು, ಎರಡೂ ಆಗುವ ಮಾತೇ ಎಂಬಂತೆ ಕೇಳಿದ್ದು ಇವರೊಬ್ಬರೇ. 

"ಮಗೋಡು" ಎಂದೆ. ಅಮ್ಮನ ಕಡೆ ತಿರುಗಿ ಕನ್ನಡದಲ್ಲೂ ಹೇಳಿದೆ: "ಗಂಡು, ಅಮ್ಮ. ಧನಶ್ರೀ ಅಲ್ಲ."

ಶಾಮಲಮ್ಮ ಬಲಗಡೆಯ ಕಟ್ಟು ಕೆಳಗಿಟ್ಟು ಎಡಗಡೆಯದು ಎತ್ತಿಕೊಂಡರು. ಅಷ್ಟೇ! ರಸ ಹಿಂಡಿ ಕುಡಿಸಿದರು. ಆ ಕಹಿ! ಬೂದಿಯ ಗುಡ್ಡೆಯ ಮುಂದೆ ಕೂತು ಕರುಳು ಕಿತ್ತು ಬರುವಂತೆ ವಾಂತಿ ಮಾಡಿದೆ. ಆಯಮ್ಮ ಕಡ್ಡಿಯಲ್ಲಿ ಕೆದಕಿ ಒಂದು ನಾರಿನ ಉಂಡೆ ಎತ್ತಿ, "ಇದೋ, ಮಂದು" ಎಂದರು. ಬೆಳಿಗ್ಗೆ ಬಸ್ಸಲ್ಲಿ ತಿಂದ ಮಾವಿನಹಣ್ಣಿನ ನಾರು. 

ಅಮ್ಮ ಮುಳಬಾಗಿಲಿಗೇ ಟಿಕೆಟ್ ತೆಗೆದಳು. ಅಲ್ಲಿ ಇಳಿದು ಹೋಟೆಲಿಗೆ ಕರೆದುಕೊಂಡು ಹೋಗಿ ದೋಸೆ ಹೇಳಿದಳು. ತುಪ್ಪ ಜಾಸ್ತಿ ಹಾಕಿಸಿದಳು. ಆಮೇಲೆ ಮೆಲ್ಲಗೆ ಕೇಳಿದಳು:

"ಯಾವ ಹುಡ್ಗ ನಿಂಗೆ ಮಂದು ಇಕ್ಕಿದ್ದು?"

"ಯಾರೂ ಇಕ್ಕಿಲ್ಲಮ್ಮ. ಅವ್ವ ಕೇಳಿದ್ದೇ ಒಂದು, ನಾನ್ ತಿಳ್ಕೊಂಡಿದ್ದೇ ಒಂದು. ನಾನು ಕುಡೀತಿದ್ದಿದ್ದು ಪ್ಯಾಕೆಟ್ಟು."

"ಬ್ರಾಂದೀನಾ?"

"ಹೂಂ."

ಅವಳ ಮುಖ ಸಡಿಲವಾದದ್ದನ್ನು ಕಣ್ಣಾರೆ ಕಂಡೆ. "ಅಷ್ಟೇನಾ!" ಎಂದಳು. ನಿಮ್ಮಪ್ಪನೂ ಮದುವೆಗೆ ಮೊದಲು ಕುಡಿಯುತ್ತಿದ್ದರು, ಗಂಡು ಹುಡುಗರು ಕೆಡುವುದೂ ಉಂಟು, ಸರಿಹೋಗುವುದೂ ಉಂಟು ಎಂದು ಏನೇನೋ ಹೇಳಿದಳು. ನನಗೆ ಇನ್ನೊಂದು ದೋಸೆ ಹೇಳಿದಳು! ಇಷ್ಟು ದಿನ ನಾನು ಬಚ್ಚಲಲ್ಲಿ ಹಲ್ಲುಜ್ಜಿ ಮುಚ್ಚಿಟ್ಟದ್ದಕ್ಕೆ ಸಿಕ್ಕ ಶಿಕ್ಷೆ ಒಂದು ದೋಸೆ.

"ಮತ್ತೆ ಆಯಮ್ಮನ ಹತ್ರ ಗಂಡು ಅಂತ ಯಾಕಂದೆ?"

ಇಲ್ಲಿ ತಪ್ಪಿಸಿಕೊಳ್ಳಬಹುದಿತ್ತು. ಪ್ಯಾಕೆಟ್ಟು ತಂದದ್ದು ಶ್ರೀಧರನ ಅಣ್ಣ, ಅದಕ್ಕೆ ಹಾಗಂದೆ ಎಂದರೆ ಮುಗಿಯುತ್ತಿತ್ತು. ಬಾಯಿತನಕ ಬಂದಿತ್ತು. ಆದರೆ ಹೊಟ್ಟೆಯಲ್ಲಿ ದೋಸೆ ಮಾತ್ರ, ತಲೆ ತಿಳಿ. ಅಮಲೇ ಇಲ್ಲದೆ ಧೈರ್ಯ ಬರುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

"ಕುಡಿಯೋ ಕಡೆ ಹುಡ್ಗೀರ ಹೆಸ್ರು ಹೇಳ್ಬೇಕಮ್ಮ. ಹೇಳ್ದಿದ್ರೆ ಕುಡೀಬೇಕು. ನಂಗೆ ಹುಡ್ಗಿ ಹೆಸ್ರು ಬರಲ್ಲ. ಮನಸಲ್ಲಿ ಇರೋದು ಹುಡ್ಗನ ಹೆಸ್ರು. ಮೊದ್ಲಿಂದ್ಲೂ ಹಂಗೇ. ಮಂದು ಅಲ್ಲ ಅದು."

ಅಮ್ಮ ದೋಸೆಯನ್ನು ಮುರಿಯುತ್ತಲೇ ಇದ್ದಳು, ಬಾಯಿಗೆ ಹಾಕಲಿಲ್ಲ. ಚೂರು ಚೂರಾಯಿತು. ಸಪ್ಲೈಯರ್ ಬಂದು ಕ್ಲೀನ್ ಮಾಡಲಾ ಎಂದು ಕೇಳಿ ಹೋದ. ಕೊನೆಗೆ ಒಂದೇ ಪ್ರಶ್ನೆ ಕೇಳಿದಳು:

"ಆ ಹುಡ್ಗಾನೂ ಕುಡೀತಾನಾ?"

"ಹೂಂ."

"ಇಬ್ರೂ ಬಿಡಿ" ಎಂದಳು.

ಏನನ್ನು ಬಿಡಬೇಕು ಎಂದು ಹೇಳಲಿಲ್ಲ. ನಾನೂ ಕೇಳಲಿಲ್ಲ. ಬಸ್ಸು ಶ್ರೀನಿವಾಸಪುರದಲ್ಲಿ ನಿಂತಿತು. ಅಮ್ಮ ಇಳಿಯಲಿಲ್ಲ. ಸೆರಗನ್ನು ಬಾಯಿಗೆ ಒತ್ತಿಕೊಂಡು ಕಿಟಕಿಯಾಚೆ ನೋಡುತ್ತಿದ್ದಳು. ಬಸ್ಸು ಹೊರಟಿತು.

ಮನೆಯಲ್ಲಿ ಅವ್ವನಿಗೆ "ಬಿತ್ತು, ಪೂರ್ತಿ ಬಿತ್ತು" ಎಂದಳು. ಅಪ್ಪನಿಗೆ ಏನೂ ಹೇಳಲಿಲ್ಲ.

ಮೇ 30, ಶುಕ್ರವಾರ

ಅಮ್ಮ ನನ್ನ ಜೊತೆ ಮಾತಾಡುತ್ತಾಳೆ, ಊಟಕ್ಕೆ ಬಾ, ಬಟ್ಟೆ ಕೊಡು ಎಂಬಷ್ಟು. ಮಧ್ಯೆ ಮಧ್ಯೆ ನಿಂತು ನೋಡುತ್ತಾಳೆ, ಗುರುತು ಹಿಡಿಯುವವಳ ಹಾಗೆ. ಹಿಂಸೆಯಾಗುತ್ತದೆ. ಆದರೂ ಹೊಟ್ಟೆಯೊಳಗೆ ಏನೋ ಹಗುರ.

ಟ್ಯೂಷನ್‌ನಲ್ಲಿ ಧನಶ್ರೀಗೆ ಎಲ್ಲಾ ಹೇಳಿದೆ. ಒಬ್ಬಟ್ಟಿನ ಕಥೆಗೆ ಮೊದಲು ಸಿಟ್ಟಾದಳು, ಆಮೇಲೆ ನಕ್ಕು ನಕ್ಕು ಡೆಸ್ಕಿನ ಮೇಲೆ ತಲೆಯಿಟ್ಟಳು. ವೇಣುವಿಗೂ ಅವಳೆದುರೇ ಫೋನ್ ಮಾಡಿ, ಧನಶ್ರೀ ಹೆಸರು ಸುಳ್ಳು ಹೇಳಿದ್ದು ಎಂದೆ. "ಹಂಗಾದ್ರೆ ಯಾರ್ಲಾ?" ಎಂದ. "ನಿಂಗ್ಯಾಕೆ" ಎಂದು ಇಟ್ಟೆ.

"ನಂಗಾದ್ರೂ ಹೇಳೋ" ಎಂದಳು ಧನು.

"ಹೇಳಲ್ಲ."

"ನಂಗಲಿಯವ್ನಾ?"

"ಹೆಂಗೇ ಗೊತ್ತಾಯ್ತು!"

"ಮಾವಿನ ಮಂಡಿಗೆ ಇಸ್ತ್ರಿ ಮಾಡಿದ್ ಶರ್ಟ್ ಹಾಕ್ಕೊಂಡ್ ಹೋಗೋನು ಶ್ರೀನಿವಾಸಪುರದಲ್ಲಿ ನೀನೊಬ್ನೇ ಕಣೋ."

ಜೂನ್ 1, ಭಾನುವಾರ. ಮಧ್ಯಾಹ್ನ

ತೋಪಿಗೆ ಹೋಗಲಿಲ್ಲ. ಶ್ರೀಧರ ಫೋನ್ ಮಾಡುತ್ತಲೇ ಇದ್ದಾನೆ. ಬಾಯಿ ಒಣಗುತ್ತಿದೆ, ಸುಳ್ಳೇಕೆ ಹೇಳಲಿ. ಬಿಡುವುದು ಅಷ್ಟು ಸಲೀಸಲ್ಲ. ಕದಿರೇಶ ಮೊನ್ನೆ ಕುಡಿದನಂತೆ, ತಾನೇ ಹೇಳಿದ. ಜಗಳವಾಡಿದೆ. ಇನ್ನು ನಿನ್ನ ಜೊತೆ ಮಾತೇ ಇಲ್ಲ ಎಂದೆ. ನಿನ್ನೆಯಿಂದ ಫೋನಿಲ್ಲ. ತೋಪಿಗೆ ಹೋಗಿರುತ್ತಾನೆ. ಹೋಗಲಿ. ನನಗೇನು.

ಹೊರಗೆ ಬೈಕು ನಿಂತಿತು —

ಕದಿರೇಶ!! ನಮ್ಮ ಮನೆಗೆ! ತೋಪಿಗೆ ಹೋಗಿಲ್ಲ! ಕಿಟಕಿಯಿಂದ ಕಾಣುತ್ತಿದ್ದಾನೆ. ಕೈಯಲ್ಲಿ ಮಲ್ಲಿಕಾ ಮಾವಿನಹಣ್ಣಿನ ಚೀಲ. ಕೂದಲು ಬಾಚಿದ್ದಾನೆ.  ಬರೆಯುತ್ತಾ ಕೂತಿದ್ದೇನೆ ಹುಚ್ಚನ ಹಾಗೆ.

ಅಮ್ಮ ಜಗಲಿಗೆ ಹೋದಳು.

"ಯಾರಪ್ಪಾ?"

"ಕದಿರೇಶ್ ಅಂತ, ಆಂಟಿ. ನಂಗಲಿ. ಅಮ್ರ ಜೊತೆ ಮಂಡೀಲಿ…"

ಅಮ್ಮನಿಗೆ ನಾನು ಹೆಸರು ಹೇಳಿಲ್ಲ. ಆದರೆ ಅವನನ್ನು ನೋಡುತ್ತಾ ನಿಂತಳು.  ಗೊತ್ತಾಯಿತು ಅವಳಿಗೆ. ನನಗೆ ಅವಳ ಬೆನ್ನು ಮಾತ್ರ ಕಾಣುತ್ತಿದೆ, ಆದರೂ ಗೊತ್ತಾಯಿತು ಎಂದು ಗೊತ್ತು. ಅವನು ಹಣ್ಣಿನ ಚೀಲ ಚಾಚಿದ.

ಅವ್ವ ಒಳಗಿಂದ ಕೂಗಿದಳು — "ಯಾರ ಕೈದೂ ತಿನ್ನಬ್ಯಾಡ್ರೇ! ಹೊರಗಿಂದು ಏನೂ ಬ್ಯಾಡ!"

ಚಾಚಿದ ಕೈ ಹಾಗೇ ಇದೆ. ಪಾಪ, ಅವನಿಗೇನು ಗೊತ್ತು ನಮ್ಮನೆ ಕಥೆ. ಅಮ್ಮ ತೆಗೆದುಕೊಳ್ಳಲಿಲ್ಲ… ತೆಗೆದುಕೊಂಡಳು. ಒಳಗೆ ಬಂದಳು. ನನ್ನ ಕಡೆ ನೋಡಲಿಲ್ಲ. ಅಡುಗೆಮನೆಯಿಂದ ಈಳಿಗೆಮಣೆ ತೆಗೆದುಕೊಂಡು ಜಗಲಿಗೇ ಹೋದಳು.

ಕೂತಳು. ಒಂದು ಹಣ್ಣು ತೊಳೆದಳು. ಮೊದಲ ಹೋಳು ಕೊಯ್ದಳು. ತಾನೇ ಬಾಯಿಗೆ ಹಾಕಿಕೊಂಡಳು! ಅವನ ಮುಖವನ್ನೇ ನೋಡುತ್ತಾ ನಿಧಾನವಾಗಿ ಅಗಿಯುತ್ತಿದ್ದಾಳೆ. ಅವ್ವ ಬಾಗಿಲಿಗೆ ಬಂದು ಬಾಯಿ ಮುಚ್ಚಿಕೊಂಡು ನಿಂತಿದ್ದಾಳೆ.  ನುಂಗಿದಳು.

ಎರಡನೇ ಹೋಳು ಕೊಯ್ದಳು. ಕೈಯಲ್ಲಿ ಹಿಡಿದೇ ಕೂಗುತ್ತಿದ್ದಾಳೆ — "ಅಮ್ರಾ, ಅದೇನ್ ಬರೀತಾ ಕೂತಿದ್ಯೋ ಒಳಗೆ? ಬಾ ಆಚೆ. ಈ ಹುಡ್ಗ ಒಬ್ನೇ ಕೂತವ್ನೆ, ಬಂದು ಜೊತೆಗ್ ತಿನ್ನು!" ಪೆನ್ನು ಇಟ್ಟೆ.